ಮಾರಕ್ಕ ಅಳಿಸಿದ ಹಾಡು

ಮೊನ್ನೆ ಕಾಲೇಜಿನಿಂದ ಒಬ್ಬ ಹುಡುಗಿ ಬಂದಿದ್ದಳು. ಹೊಸದಾಗಿ ಸೇರಿದ ಮೇಷ್ಟ್ರಮ್ಮ. ಕಾಲೇಜಿನವರು ಒಂದು ಪುಸ್ತಕ ತರುತ್ತಾರಂತೆ. ಅಲ್ಲಿ ದುಡಿದವರೆಲ್ಲ ಏನೇನು ಸಾಧನೆ ಮಾಡಿದರು ಎಂಬುದು ಅದರಲ್ಲಿ ಬರುತ್ತದಂತೆ. ನನಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ, ಆದರೆ ಒಂದು ಸಾಲು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅದಕ್ಕೆ ಅವಳೇ ಫೋನು ನೋಡಿಕೊಂಡು ಓದಿ ಹೇಳಿದಳು. ಇಂಥವರಿಗೆ ಡಾಕ್ಟರೇಟು ಬಂತು, ಇಂಥವರು ರೀಡರಾದರು, ಟೈಪಿಸ್ಟು ಸೀನಿಯರ್ ಪರೀಕ್ಷೆ ಪಾಸು ಮಾಡಿದರು. ಕೊನೆಗೆ ನನ್ನ ಹೆಸರೂ ಇತ್ತು: ಆಯಾ, ನಿವೃತ್ತಿ. ನಿವೃತ್ತಿ ಎಂಥ ಸಾಧನೆಯೋ! ವಯಸ್ಸಾದರೆ ಎಮ್ಮೆಯೂ ನಿವೃತ್ತಿಯಾಗುತ್ತದೆ.

ನಡುವೆ ಒಂದು ಸಾಲು ಬಂತು. ತಿಪ್ಪೇಶಪ್ಪ, ಕನ್ನಡ, ಬೀಸುವ ಹಾಡುಗಳ ಮೇಲೆ ಡಾಕ್ಟರೇಟು. ಅಷ್ಟೇ. ಹುಡುಗಿ ಮುಂದಿನ ಹೆಸರಿಗೆ ಹೋದಳು. ನಾನು ಹೋಗಲಿಲ್ಲ. ಆ ಡಾಕ್ಟರೇಟಿನಲ್ಲಿ ನನ್ನ ಬಲಗೈಯದೂ ಒಂದು ಪಾಲಿದೆ. ನಗಬೇಡಿ, ಹೇಳುತ್ತೇನೆ.

ಆಗ ಎಮರ್ಜೆನ್ಸಿಯ ಕಾಲ, ಗಂಡಸರನ್ನು ಹಿಡಿದು ಮಕ್ಕಳಾಗದ ಆಪರೇಷನ್ ಮಾಡಿಸುತ್ತಿದ್ದ ದಿನಗಳು. ನಾನು ಚನ್ನಗಿರಿಯ ಕಾಲೇಜಿನಲ್ಲಿ ಕಸ ಹೊಡೆದು, ನೀರು ತುಂಬಿ, ಗಂಟೆ ಬಾರಿಸುತ್ತಿದ್ದೆ. ತಿಪ್ಪೇಶ ಮೇಷ್ಟ್ರು ಜಗಳೂರು ಕಡೆಯ ಬಿಳಿಚೋಡಿನವರು, ಕುರಿ ಸಾಕುವವರ ಮನೆಯ ಮಗ. ಹಾಕಿದ ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಕಾಣುವಷ್ಟು ಸಣ್ಣ ಆಳು. ಹೆಂಗಸರು ಬೀಸುವಾಗ ಹೇಳುವ ಹಾಡುಗಳನ್ನು ಕೂಡಿಹಾಕಿ ಯೂನಿವರ್ಸಿಟಿಗೆ ಬರೆದುಕೊಡುವುದು ಅವರ ಕೆಲಸ. ಆದರೆ ಗುರುತಿಲ್ಲದ ಗಂಡಸಿನ ಮುಂದೆ ಯಾವ ಹೆಂಗಸು ಬಾಯಿಬಿಡುತ್ತಾಳೆ? ಆಯಾನ್ನ ಜೊತೆಗೆ ಕರೆದುಕೊಂಡು ಹೋಗು ಎಂದರು ಪ್ರಿನ್ಸಿಪಾಲರು. ನನಗೇನೂ ಹಾಡಿನ ಹುಚ್ಚಿರಲಿಲ್ಲ. ಕಸ ಹೊಡೆಯುವುದು ತಪ್ಪುತ್ತದಲ್ಲ ಎಂದು ಹೊರಟೆ.

ಮೊದಲು ಹೋದದ್ದು ಸವಳಂಗಕ್ಕೆ. ಕೈಯಲ್ಲಿ ಟೇಪ್ ರೆಕಾರ್ಡರಿನ ಪೆಟ್ಟಿಗೆ ಹಿಡಿದ ಗಂಡಸು, ಹಿಂದೆ ಒಬ್ಬ ಹೆಂಗಸು. ನಮ್ಮನ್ನು ನೋಡಿದ್ದೇ "ಆಪರೇಷನ್ನೋರು ಬಂದ್ರಲೇ!" ಎಂದು ಯಾರೋ ಕೂಗಿದರು. ಊರಿನ ಗಂಡಸರೆಲ್ಲ ಜೋಳದ ಹೊಲ ಸೇರಿಕೊಂಡರು. ಒಬ್ಬ ಮುದುಕಿ ಮಾತ್ರ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನಮ್ಮನೇಲಿ ಕುಯ್ಯಾಕೆ ಏನೂ ಉಳಿದಿಲ್ಲ, ಮುಂದಿನ ಮನಿಗೆ ಹೋಗ್ರಿ" ಎಂದಳು. ಆಮೇಲೆ ಅವಳೇ ಮಜ್ಜಿಗೆ ಕೊಟ್ಟಳು, ಆ ಮಾತು ಬೇರೆ.

ತ್ಯಾವಣಿಗೆಯಲ್ಲಿ ಹೆಂಗಸರು ಕಲ್ಲಿಗೆ ಕೂತು ಚೆನ್ನಾಗಿ ಹಾಡಿದರು. ಕಾಲೇಜಿಗೆ ಬಂದು ಟೇಪು ಹಾಕಿದರೆ ಬರೀ ಕಲ್ಲಿನ ಗರಗರ. ಗುಮಾಸ್ತ ನಕ್ಕ. "ಏನ್ ಮೇಷ್ಟ್ರೇ, ಹಿಟ್ಟಿನ ಗಿರಣಿ ಮ್ಯಾಲೆ ಡಾಕ್ಟರೇಟಾ?" ಸರಿ, ಕಲ್ಲು ಬಿಟ್ಟು ಹಾಡಿ ಎಂದು ಕೇಳಿದರೆ ಹಾಡೇ ಬರುತ್ತಿರಲಿಲ್ಲ. ಕೈ ತಿರುಗದಿದ್ದರೆ ನಾಲಿಗೆಯೂ ತಿರುಗದು. ನಾನು ಬೇಸತ್ತು ಒಬ್ಬಳ ಎದುರು ಕೂತು, "ಹಿಡ್ಕಾ ನನ್ನ ಕೈಯಿ, ಇದೇ ಗೂಟ ಅನ್ಕಂಡು ತಿರುವು" ಎಂದೆ. ಖಾಲಿ ಕಲ್ಲು ಬೀಸಬಾರದು, ಮನೆಗೆ ಒಳ್ಳೆಯದಲ್ಲ ಎಂದಳು. "ಕಲ್ಲೇ ಇಲ್ಲವಲ್ಲೇ, ಖಾಲಿ ಎಲ್ಲಿಂದ ಬಂತು?" ಎಂದೆ. ನಗುತ್ತಲೇ ಹಿಡಿದಳು, ಹಾಡು ಬಂತು. ಅಲ್ಲಿಂದ ಹೊನ್ನಾಳಿ, ನ್ಯಾಮತಿ, ಎಲ್ಲಿ ಹೋದರೂ ನಾನೇ ಬೀಸುವ ಕಲ್ಲು. ರಾತ್ರಿ ಹೆಗಲಿಗೆ ಹರಳೆಣ್ಣೆ.

ಮೇಷ್ಟ್ರಿಗೆ ದಾರಿ ತೋರಿಸುವ ದೊಡ್ಡ ಪ್ರೊಫೆಸರರು, ನಿನ್ನ ಸ್ವಂತ ಊರಿನ ಹಾಡೇ ಇಲ್ಲವಲ್ಲ, ಅದಿಲ್ಲದೆ ಈ ವರ್ಷ ಪ್ರಬಂಧ ಕೊಡಬೇಡ ಎಂದರಂತೆ. ಈ ವರ್ಷ ಕೊಡದಿದ್ದರೆ ರೀಡರ್ ಹುದ್ದೆ ಇನ್ನೊಬ್ಬರ ಪಾಲು. ಜಗಳೂರು ಬಸ್ಸಿನಲ್ಲಿ ಮೇಷ್ಟ್ರು ಅದನ್ನೆಲ್ಲ ಹೇಳಿದರು. ಆಮೇಲೆ, "ನಮ್ಮವ್ವ ಒಂದು ಹಾಡು ಹೇಳ್ತಿದ್ಲು. ಬೀಸುವಾಗ ಆಕೆ ತೊಡಿ ಮ್ಯಾಲೆ ತಲೆಯಿಟ್ಟು ಮಲಗಿರ್ತಿದ್ದೆ. ಧಾಟಿ ನೆನಪೈತೆ, ಮಾತು ಒಂದೂ ಇಲ್ಲ. ಡಾಕ್ಟರೇಟು ಆಮ್ಯಾಲೆ, ನನಗೇ ಬೇಕು ಕಣವ್ವ ಅದು" ಎಂದರು.

ಅವರವ್ವ ಮಾರಕ್ಕ ಕೆಂಪು ಸೀರೆಯ ಎತ್ತರದ ಹೆಂಗಸು. ವಿಷಯ ಕೇಳಿದ್ದೇ ಒಲೆಯ ಕಡೆ ತಿರುಗಿದಳು.

"ಅದು ನಮ್ಮತ್ತೆ ಮ್ಯಾಲೆ, ನಿಮ್ಮಪ್ಪನ ಮ್ಯಾಲೆ ಕಟ್ಟಿದ್ದು ಕಣೋ. ನೀನು ನಿದ್ದಿ ಮಾಡ್ತಿದ್ದೀ ಅಂತ ಹಾಡ್ತಿದ್ದೆ. ಈಗ ನಿನ್ನ ಮುಂದೆ ಹೆಂಗೆ ಹಾಡ್ಲಿ?"

"ನಾನು ಹೊರಗೆ ಹೋಗ್ತೀನವ್ವ."

ಮೇಷ್ಟ್ರು ಎರಡು ಗುಂಡಿ ಒತ್ತಿ ಪೆಟ್ಟಿಗೆಯನ್ನು ನನ್ನ ಪಕ್ಕ ಇಟ್ಟು ಕುರಿಹಟ್ಟಿಯ ಕಡೆ ಹೋದರು. ಮಾರಕ್ಕ ನನ್ನ ಕೈ ಹಿಡಿದಳು. ಹಾಡಿದಳು. ಅದರಲ್ಲಿ ಏನಿತ್ತು ಎಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಅವಳ ಕಣ್ಣು ಒದ್ದೆಯಾಗಲಿಲ್ಲ. ನನ್ನ ಕಣ್ಣೂ ಆಗಲಿಲ್ಲ, ಅಂಥ ಹಾಡಲ್ಲ ಅದು. ಹಲ್ಲು ಕಚ್ಚಿಕೊಂಡು ಬದುಕಿದವಳ ಹಾಡು. ಮುಗಿದ ಮೇಲೆ ಕೈಬಿಟ್ಟು, "ಈಗ ಅಳಿಸು" ಎಂದಳು.

"ಅಳಿಸಾಕೆ ಯಾಕೆ ಹಾಡ್ದೆ ಹಂಗಾರೆ?"

"ಹಾಡಬೇಕು ಅನ್ನಿಸ್ತು, ಹಾಡ್ದೆ. ನೀನು ಹೆಂಗ್ಸು, ಕೇಳಿಸ್ಕಂಡೆ, ಸಾಕು. ಇವನಪ್ಪ ಸತ್ತು ಮಣ್ಣಾಗ್ಯಾನೆ. ಮಗನ ಪುಸ್ತಕದಾಗೆ ಅವನ್ನ ಬೈಯಾಕೆ ನನಗೆ ಮನಸಿಲ್ಲ."

ಮೇಷ್ಟ್ರು ಒಳಗೆ ಬಂದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮನಸ್ಸು ಮಾಡಿದ್ದರೆ, ಆಯ್ತವ್ವ ಅಳಿಸಿದೆ ಎಂದು ಸುಳ್ಳು ಹೇಳಿ ಚನ್ನಗಿರಿಗೆ ತರಬಹುದಿತ್ತು. ಆ ಪೆಟ್ಟಿಗೆಯ ಮರ್ಮ ನಮಗೇನು ಗೊತ್ತು? ನಾನೂ ಅದನ್ನೇ ಮಾಡುತ್ತಾರೆ ಎಂದುಕೊಂಡೆ. ಅವರು ಟೇಪನ್ನು ಹಿಂದಕ್ಕೆ ಸುತ್ತಿದರು. ಹಾಕಿ ಕೇಳಲಿಲ್ಲ. ಕೆಂಪು ಗುಂಡಿ ಒತ್ತಿದರು. "ತಿರುಗ್ತಾ ಐತೆ ನೋಡವ್ವ, ಅಳಿಸ್ತಾ ಹೋಗ್ತೈತೆ" ಎಂದರು.

ಮಾರಕ್ಕನಿಗೆ ನಂಬಿಕೆ ಬರಲಿಲ್ಲ. ಸುಮ್ಮನೆ ಕೂತರೆ ಹಾಡು ಹೇಗೆ ಹೋಗುತ್ತದೆ? ಬರೆದದ್ದರ ಮೇಲೆ ಬರೆದರೆ ತಾನೇ ಅಳಿಸುವುದು? ಅದಕ್ಕೆ ಅವಳು ಪೆಟ್ಟಿಗೆಗೆ ಬಾಯಿ ಹತ್ತಿರ ತಂದು, ಹೊಲದ ಆಚೆಗೆ ಕೂಗುವವರ ಹಾಗೆ ಮಾತಾಡತೊಡಗಿದಳು. ಕರಿಕುರಿ ಈದೈತೆ. ಎರಡು ಮರಿ. ಒಂದು ಕುಂಟು. ನೀನ್ಯಾಕೋ ಹಿಂಗೆ ಒಣಗೀಯ? ಹೋಟ್ಲಾಗೆ ಉಣ್ಣಬ್ಯಾಡ, ಸೋಡಾ ಹಾಕ್ತಾರೆ. ರೊಟ್ಟಿ ಕಳಿಸಿದ್ರೆ ತಿಂತೀಯೋ ಇಲ್ಲ ಮಂದಿಗೆ ಹಂಚ್ತೀಯೋ? ಮೇಷ್ಟ್ರು ಮೊದಮೊದಲು ನಕ್ಕರು. ಆಮೇಲೆ ಒಂದೊಂದಕ್ಕೂ ಉತ್ತರ ಕೊಟ್ಟರು. ತಿಂತೀನವ್ವ. ಇಲ್ಲವ್ವ. ಹೂಂನವ್ವ. ಟೇಪು ಟಕ್ಕೆಂದು ನಿಲ್ಲುವವರೆಗೂ ಅವಳು ಬಾಯಿ ಮುಚ್ಚಲಿಲ್ಲ. ನಿಂತ ಮೇಲೆ, "ಹೋತೇನು?" ಎಂದಳು.

"ಪೂರಾ ಹೋತವ್ವ."

ಮೇಷ್ಟ್ರು ಆ ವರ್ಷ ಕೊಡಲಿಲ್ಲ. ರೀಡರ್ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಬಿಳಿಚೋಡಿನಲ್ಲೇ ಬೇರೆಯವರ ಹಾಡು ಹುಡುಕಿ ಬರೆದು, ಎಂಬತ್ತನೇ ಇಸವಿ ದಾಟಿದ ಮೇಲೆ ಅವರಿಗೆ ಡಾಕ್ಟರೇಟು ಬಂತು. ನಮ್ಮ ಕಾಲೇಜಿನಲ್ಲಿ ಯಾರಿಗೆ ಏನು ಬಂದರೂ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡುವ ಪದ್ಧತಿ. ಮಿರ್ಚಿ ಕರಿದವಳು ನಾನೇ. ಮಾರಕ್ಕನೂ ಬಂದಿದ್ದಳು. ಶಾಲು ಹೊದಿಸಿ ಭಾಷಣವೆಲ್ಲ ಆದ ಮೇಲೆ ಪ್ರಿನ್ಸಿಪಾಲರು, "ಮಗನ ಸಾಧನೆ ಬಗ್ಗೆ ಎರಡು ಮಾತಾಡಿ ತಾಯಿ" ಎಂದರು. ಅವಳು ಎದ್ದು ನಿಂತಳು.

"ಅವನು ಹೇಳಿದ ಮಾತು ಕೇಳ್ತಾನೆ. ಇನ್ನೇನು ಹೇಳ್ಲಿ?"

ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ಮೇಷ್ಟ್ರು ತಲೆಬಗ್ಗಿಸಿ ಮಂಡಕ್ಕಿ ನೋಡುತ್ತಿದ್ದರು.

ಮಾರಕ್ಕ ಹೋದಳು. ಮೇಷ್ಟ್ರೂ ಈಗಿಲ್ಲ. ಕೊನೆಯವರೆಗೂ ಅವರು ನನ್ನನ್ನು ಆ ಹಾಡಿನ ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಅವಳು ಬರೆದುಕೊಳ್ಳುವುದನ್ನು ಯಾವಾಗಲೋ ಬಿಟ್ಟಿದ್ದಳು.

"ಆ ಹಾಡು ನಿಮಗೆ ನೆನಪೈತೇನಜ್ಜಿ?"

"ಐತೆ."

"ಒಂದ್ಸಲ ಹೇಳ್ರಿ, ರೆಕಾರ್ಡ್ ಮಾಡ್ಕಂತೀನಿ."

"ಮಗನಿಗೇ ಸಿಗಲಿಲ್ಲ, ನಿನ್ನ ಫೋನಿಗೆ ಕೊಡ್ತೀನಾ? ಎದ್ದು ಹೋಗೇ."

ಅವಳು ಹೋಗಲಿಲ್ಲ. ಫೋನು ಆರಿಸಿ ಚೀಲಕ್ಕೆ ಹಾಕಿ, ಚೀಲವನ್ನು ಕಟ್ಟೆಯ ಮೇಲೆ ಬಿಟ್ಟು ಬಂದು, ನನ್ನ ಎದುರು ನೆಲಕ್ಕೆ ಕೂತಳು. ಬಲಗೈಯನ್ನು ನನ್ನ ಮುಂದೆ ಚಾಚಿದಳು. ಹೊರಗೆ ನನ್ನ ಮಗ ಯಾರ ಜೊತೆಗೋ ಮಾತಾಡುತ್ತಾ ನಿಂತಿದ್ದ.

ನಾನು ಎದ್ದು ಬಾಗಿಲು ಹಾಕಿದೆ.