ಗುದ್ದಿದ ಉಳ್ಳಾಗಡ್ಡಿ

ನಮ್ಮ ಕಡೆ ಊಟಕ್ಕೆ ಉಳ್ಳಾಗಡ್ಡಿಯನ್ನು ಹೆಚ್ಚುವುದಿಲ್ಲ, ಗುದ್ದುತ್ತೇವೆ. ಕುಲಗೋಡದ ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನದು. ಗಡ್ಡೆಯನ್ನು ನೆಲಕ್ಕಿಟ್ಟು ಬಲಗೈ ಮುಷ್ಟಿಯಿಂದ ಒಂದೇ ಏಟು. ಮೇಲಿನ ಕೆಂಪು ಪದರಗಳನ್ನು ಕಿತ್ತೆಸೆದು ನಡುವಿನ ಬಿಳಿ ತಿರುಳನ್ನಷ್ಟೇ ರೊಟ್ಟಿಯ ಜೊತೆ ತಿನ್ನುತ್ತಿದ್ದ. ಎಸೆದ ಪದರ ಅವ್ವನ ಪಾಲು. ಅದೇ ಮುಷ್ಟಿ ಅವ್ವನ ಬೆನ್ನಿಗೂ ಬೀಳುತ್ತಿತ್ತು; ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಒಂದು, ಕಡಿಮೆಯಾದರೆ ಎರಡು. ಬಿಡಿಸಲು ಹೋದ ನನಗೂ ಒಮ್ಮೆ ಬಿದ್ದು ಮುಂದಿನ ಹಲ್ಲು ಅರ್ಧ ಮುರಿಯಿತು. ಇಂದಿಗೂ ನಾಲಿಗೆ ಅಲ್ಲಿಗೆ ಹೋದಾಗಲೆಲ್ಲ ಸಿಟ್ಟು ಬರುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಗೋಕಾಕಿನ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಅವನ ಊಟದ ರೀತಿ ಕೇಳಿದರು, ಹೇಳಿದೆ.

"ಸಕ್ಕರಿ ಒಳಗ ಬಿಡ್ರಿ ಅಂತ ಇನ್ಸುಲಿನ್ ಬಂದು ಬಾಗಲಾ ಬಡದರೂ ನಿಮ್ಮ ಮೈ ತಗಿಯಾಕತ್ತಿಲ್ರಿ," ಎಂದರು ಡಾಕ್ಟರು. "ಉಳ್ಳಾಗಡ್ಡ್ಯಾಗ, ತಪ್ಪಲ ಪಲ್ಯಾದಾಗ ಫ್ಲೇವನಾಯ್ಡ್ ಅನ್ನೂ ಸತ್ವ ಇರತಾವ. ಬಾಗಲಾ ತಗಿಯಾಕ ಒಂಚೂರು ಆಸರ ಆದರ ಆದೀತು. ನೀವು ಒಗಿಯೂ ಕೆಂಪು ಪದರದಾಗ ಅವು ಹೆಚ್ಚು. ಆದರ ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೊನೆಯ ಮಾತು ಅಪ್ಪನ ಕಿವಿಗೆ ಬೀಳಲೇ ಇಲ್ಲ. ಬಾಗಿಲು ಒದ್ದು ತೆರೆಯುವುದು ಅವನಿಗೆ ಮೊದಲಿನಿಂದ ಗೊತ್ತಿದ್ದ ವಿದ್ಯೆ. ಮರುದಿನದಿಂದ ಹೊತ್ತಿಗೆ ಎರಡು ಗಡ್ಡೆ, ಪದರ ಸಮೇತ. ಅವ್ವನಿಗೆ ಅದೂ ತಪ್ಪಿತು. ಗುಳಿಗೆ ತಂದುಕೊಟ್ಟರೆ ತಂಬಿಗೆ ಗೋಡೆಗೆ ಹಾರುತ್ತಿತ್ತು.

"ಔಷಧ ನನ್ನ ಕೈಯಾಗ ಐತಿ," ಎನ್ನುತ್ತಿದ್ದ.

ಕಬ್ಬು ಕಡಿಯುವಾಗ ಎಲೆಯ ಅಂಚು ಅವನ ಬಲಗೈ ಕಿರುಬೆರಳ ಬುಡವನ್ನು ಸೀಳಿತು. ಆ ಗಾಯದ ಕೈಯಿಂದಲೇ ದಿನಕ್ಕೆರಡು ಹೊತ್ತು ಉಳ್ಳಾಗಡ್ಡಿ ಗುದ್ದಿದ.

"ಒಟ್ಟ ಉರಿಯಾಕತ್ತಿಲ್ಲ, ನೋಡು," ಎಂದು ಹೆಮ್ಮೆಯಿಂದ ನನಗೆ ತೋರಿಸಿದ. ಬೆರಳು ಕಪ್ಪಾಗಿತ್ತು, ನಾರುತ್ತಿತ್ತು. ದವಾಖಾನೆಗೆ ನಡೆ ಎಂದೆ. ಕೈ ಎತ್ತಿದ. ಈ ಸಲ ನಾನು ಅವನ ಮಣಿಕಟ್ಟು ಹಿಡಿದು ತಿರುಚಿ, ದರದರ ಎಳೆದೊಯ್ದು ಗೋಕಾಕ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಬೈದ, ನಾನೂ ಬೈದೆ.

"ಉರೀದ ಇದ್ದದ್ದ ರೋಗರಿ," ಎಂದರು ಡಾಕ್ಟರು. "ಸಕ್ಕರಿ ಏರಿ ನರ ಸತ್ತಾವ."

ಕಿರುಬೆರಳನ್ನೂ ನಂಜು ಹರಡಿದ ಪಕ್ಕದ ಬೆರಳನ್ನೂ ಕತ್ತರಿಸಿದರು. ಇನ್ನೂ ಗುಳಿಗೆ ಬಿಟ್ಟರೆ ಕೈಯೇ ಹೋಗುತ್ತದೆ ಎಂದರು. ಸುಳ್ಳು ಹೇಳುವುದಿಲ್ಲ, ಆ ಬೆರಳುಗಳು ಹೋದದ್ದಕ್ಕೆ ನನಗೆ ಖುಷಿಯಾಯಿತು. ಆಮೇಲೆ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮನೆಗೆ ಬಂದ ದಿನ ಅಪ್ಪ ಗಡ್ಡೆಯನ್ನು ಮುಂದಿಟ್ಟುಕೊಂಡು, ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತ ಕುಳಿತಿದ್ದ. ಅವ್ವ ಎದುರು ಬಂದು ಕುಳಿತಳು. ಸೆರಗು ಸಿಕ್ಕಿಸಿ ಮುಷ್ಟಿ ಎತ್ತಿದಳು. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಗುದ್ದು ಗಡ್ಡೆಗೆ ಬಿತ್ತು. ತಾಟು ಕುಣಿಯಿತು. ಅವ್ವ ಕೆಂಪು ಪದರಗಳನ್ನು ಬಿಡಿಸಿ ಅವನ ತಾಟಿಗೆ ಹಾಕಿದಳು, ಬಿಳಿ ತಿರುಳನ್ನು ತಾನು ಬಾಯಿಗೆ ಹಾಕಿಕೊಂಡಳು.

"ಮದಲ ಗುಳಿಗಿ ನುಂಗ್ರಿ," ಎಂದಳು.

ಅವನು ನುಂಗಿದ.