ಕಿತ್ತು ಹಾಕುವ ಕೈ

ಕಡೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಜಮಾನರಿಗೆ ಸಿಂಗಟಗೆರೆಯಲ್ಲಿ ತೆಂಗಿನ ತೋಟವಿತ್ತು. ಅಲ್ಲಿ ಪಂಪ್‌ಸೆಟ್ ನಿಂತರೆ ಫ್ಯೂಸ್ ಕಿತ್ತು, ಉಫ್ ಎಂದು ಊದಿ, ಮತ್ತೆ ಹಾಕುತ್ತಿದ್ದರು. ಮೋಟಾರು ಓಡುತ್ತಿತ್ತು. ಹಾಗಾಗಿ ಟಿವಿ, ಮಿಕ್ಸಿ, ಮೊಬೈಲು, ಯಾವುದು ಕೆಟ್ಟರೂ ಅವರದು ಒಂದೇ ಮಾತು: "ಕಿತ್ತು ಹಾಕಿ ನೋಡಾಣ ಕಣಪ್ಪಾ."

ಅವರ ಹೆಂಡತಿಗೆ ಮಂಡಿ ಆಪರೇಷನ್ ಆದಾಗ, ಮಲಗಿದ್ದಲ್ಲಿಂದಲೇ ಮೊಬೈಲಿನಲ್ಲಿ ಲೈಟು, ಫ್ಯಾನು ಹಾಕಿಕೊಳ್ಳಲೆಂದು ಒಂದು ಪೆಟ್ಟಿಗೆ ಕೂರಿಸಿದರು. ವಾರದೊಳಗೆ ಅದು ಕೈಕೊಟ್ಟಿತು. ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ಸರಿಮಾಡಬೇಕೆಂದು ಅದನ್ನು ಮಾರಿದ ಅಂಗಡಿಯವನು ಫೋನಿನಲ್ಲಿ ಹೇಳಿದ. ನಾನು ಲ್ಯಾಪ್‌ಟಾಪ್ ಹಿಡಿದು ಹೋದೆ.

ಜೋಡಿಸಿದೆವು. ಪೆಟ್ಟಿಗೆಯ ಹೆಸರು ಪರದೆಯ ಮೇಲೆ ಬರಬೇಕಿತ್ತು, ಏನೂ ಕಾಣಲಿಲ್ಲ. ಯಜಮಾನರು ವೈರು ಕಿತ್ತರು, ಊದಿದರು, ಹಾಕಿದರು. ಟಿಂಗ್ ಎಂದು ಸದ್ದಾಯಿತು, ಪೆಟ್ಟಿಗೆಯ ಹೆಸರು ಮಾತ್ರ ಬರಲಿಲ್ಲ. ಅರೆಗಳಿಗೆಯೂ ಕಾಯದೆ ಮತ್ತೆ ಕಿತ್ತರು. ವೈರು ಬದಲಿಸಿದೆವು. ತಪ್ಪು ಪೆಟ್ಟಿಗೆಯದೋ ಲ್ಯಾಪ್‌ಟಾಪಿನದೋ ತಿಳಿಯದೆ ನನ್ನ ತಲೆ ಕೆಟ್ಟುಹೋಯಿತು.

"ರೀ, ಕತ್ಲಾಯ್ತು, ಯಾರಾದ್ರೂ ಬಂದು ಲೈಟ್ ಹಾಕ್ರೀ," ಎಂದು ಒಳಗಿನಿಂದ ಅವರ ಹೆಂಡತಿ ಕೂಗಿದರು. ಯಜಮಾನರು ಎದ್ದು ಹೋದರು. ನಾನು ಸೋತು ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಹೆಸರು ತಾನಾಗಿಯೇ ಪರದೆಯ ಮೇಲೆ ಮೂಡಿತು.

"ಬಂತು ಯಜಮಾನ್ರೇ!"

ಓಡಿ ಬಂದರು. "ಏನ್ ಮಾಡ್ದೆ?"

"ಏನೂ ಮಾಡ್ಲಿಲ್ಲ. ಸುಮ್ನೆ ಕೂತಿದ್ದೆ."

ಅವರು ಒಮ್ಮೆ ನನ್ನನ್ನು, ಒಮ್ಮೆ ಪೆಟ್ಟಿಗೆಯನ್ನು ನೋಡಿದರು.

"ಏನೂ ಮಾಡ್ದೇನೆ ಹೆಂಗಪ್ಪಾ ಬತ್ತದೆ?" ಎಂದರು. ಕೈ ಆಗಲೇ ವೈರಿನ ಮೇಲಿತ್ತು.