ಅಜ್ಜ ಹುಡುಕಿಕೊಟ್ಟ ಮಾತು

ಹೆತ್ತ ಐದನೆಯ ದಿನ, ಮಲಗಿದರೆ ಉಸಿರು ಕಟ್ಟತೊಡಗಿತು. ಕಾಲು ಊದಿತ್ತು. "ಬಾಣಂತಿಗೆ ಇದೆಲ್ಲ ಉಂಟು" ಎಂದರು ಅಮ್ಮ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರ್, ಹೆರಿಗೆಯ ಜೊತೆ ಬಂದ ಕಾಯಿಲೆಯಿಂದ ಹೃದಯ ಸೋತಿದೆ, ಅದರೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು ಎಂದರು. ನಾಲ್ಕು ದಿನ ಇಟ್ಟುಕೊಂಡು, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟು, ಸುರತ್ಕಲ್‌ನ ತವರುಮನೆಗೆ ಕಳುಹಿಸಿದರು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬಾರದು ಎಂದು ಅಮ್ಮನಿಗೂ ಹೇಳಿದ್ದರು.

ಆಮೇಲೆ ನನಗೆ ಅದೇ ಕೆಲಸ. ಕನ್ನಡಿಯಲ್ಲಿ ಬಾಯಿ ನೋಡುವುದು, ಬೆರಳು ಮಡಚುವುದು, ಮಗಳನ್ನು ಎತ್ತಿಕೊಳ್ಳಲು ಹೆದರುವುದು. ಆದರೂ ಎರಡು ಹೊತ್ತಿನ ಇಂಜೆಕ್ಷನ್ ಬಿಟ್ಟೆ. ರಕ್ತಸ್ರಾವ ಹೆಚ್ಚಾದಂತೆ ಕಂಡಿತ್ತು, ಡಾಕ್ಟರನ್ನು ಕೇಳಲಿಲ್ಲ. ಅಮ್ಮ ಬಿಡಿಸಿದರು ಎಂದೇ ಇಲ್ಲಿ ಮೊದಲು ಬರೆದಿದ್ದೆ. ಆಗಿನ ಡೈರಿ ತೆರೆದು ನೋಡಿದೆ. ಬಿಟ್ಟವಳು ನಾನೇ.

ಹನ್ನೆರಡನೆಯ ದಿನ ಬೆಳಿಗ್ಗೆ ಎಂಟಕ್ಕೆ ಸುಂದರಿ ಅಕ್ಕ ಬಂದರು. ಬಾಣಂತಿಯರನ್ನು ಮೀಯಿಸುವವರು, ನಮ್ಮಲ್ಲಿಗೆ ದಿನಾ ಬರುವುದು ಹನ್ನೊಂದಕ್ಕೆ. "ಆಚೆ ಮನೆಯ ಬಾಣಂತಿ ಗಂಡನ ಮನೆಗೆ ಹೋದಳು. ಹಾಗೆ ಬೇಗ ಬಂದೆ" ಎನ್ನುತ್ತ ತಲೆಗೆ ಕಟ್ಟುವ ಬಟ್ಟೆ ಕೊಟ್ಟರು. ನನ್ನ ಬಲಗೈ ಅದನ್ನು ಹಿಡಿಯಲಿಲ್ಲ.

"ಎಂತ ಮಾರಾಯ್ತಿ, ಬಟ್ಟೆ ಹಿಡೀಲಿಕ್ಕೂ ಉದಾಸೀನವಾ?"

ಉತ್ತರ ಕೊಡಹೋದೆ. ಮಾತು ಇರಲಿಲ್ಲ.

"ಶೀತ ಆದದ್ದು. ಎಣ್ಣೆ ತಿಕ್ಕು, ಸ್ವಲ್ಪ ಮಲಗಲಿ" ಎಂದರು ಅಮ್ಮ.

"ಮಲಗಿಸುವುದಾ? ಬಾಯಿ ಸೊಟ್ಟ, ಕೈ ಸೊಟ್ಟ ಅಂತ ಡಾಕ್ಟ್ರು ಅಪಶಕುನ ಹೇಳ್ತಾರೆ ಅಂತ ಮೊನ್ನೆ ನನ್ನ ಹತ್ರ ಬೈದದ್ದು ಯಾರು, ನೀವೇ ಅಲ್ವಾ? ಇದು ಅದೇ. ಕಾರು ತರಿಸಿ."

ಕಳೆದುಹೋದದ್ದು ಸಿಗಲಿ ಎಂದು ನಾವೆಲ್ಲ ನಮ್ಮ ಕಡೆಯ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುತ್ತೇವೆ. ಬೀಗದ ಕೈಗೂ ಹೇಳಿಕೊಂಡವಳು ನಾನು. ಹೆರಿಗೆಯ ಸೂತಕ ಕಳೆಯದೆ ಹರಕೆ ಹೊರಬಾರದು ಎನ್ನುತ್ತಾರೆ. ಆದರೂ ಕಾರಿನಲ್ಲಿ ಮನಸ್ಸಿನೊಳಗೇ ಬೇಡಿದೆ: ಅಜ್ಜಾ, ಮಾತು ಕಳೆದುಹೋಗಿದೆ, ಮಗಳ ಕಿವಿಯಲ್ಲಿ ಅವಳ ಹೆಸರು ಇನ್ನೂ ಹೇಳಿಲ್ಲ. ಇದೇ ಶಬ್ದಗಳಲ್ಲಿ ಬೇಡಿದೆನೋ, ಶಬ್ದವೇ ಇಲ್ಲದೆ ಬೇಡಿದೆನೋ, ಈಗ ಹೇಳಲಾರೆ.

ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಮೆದುಳಿನ ಹೆಪ್ಪನ್ನು ತೆಗೆದರು. "ಇನ್ನು ಮೂರು ಗಂಟೆ ತಡವಾಗಿದ್ದರೆ ಕಷ್ಟ ಇತ್ತು" ಎಂದರು ಡಾಕ್ಟರ್. ಮೂರನೆಯ ದಿನ "ನೀರು" ಎಂದೆ. ಅಮ್ಮ ಲೋಟ ಹಿಡಿದುಕೊಂಡೇ ಅತ್ತರು. ನಾಮಕರಣದ ದಿನ ಮಗಳ ಕಿವಿಯಲ್ಲಿ ಹೆಸರನ್ನು ತೊದಲದೆ ಹೇಳಿದೆ.

ಹೃದಯ ಇನ್ನೂ ಪೂರ್ತಿ ಸುಧಾರಿಸಿಲ್ಲ. ಔಷಧಿ ಒಂದು ಹೊತ್ತೂ ತಪ್ಪಿಸುವುದಿಲ್ಲ. ಭಯವೂ ಹೋಗಿಲ್ಲ, ಎದ್ದ ಕೂಡಲೇ ಬೆರಳು ಮಡಚಿ ನೋಡುತ್ತೇನೆ. ಅಜ್ಜನ ಕಟ್ಟೆಗೆ ಚಕ್ಕುಲಿ, ವೀಳ್ಯ ಒಪ್ಪಿಸಲು ಸುಂದರಿ ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಒಂದು ಮಾತು ಡೈರಿಯ ಪ್ರಕಾರವೂ ನಿಜ: ನಾನು ಬೇಡಿಕೊಳ್ಳುವ ಮೊದಲೇ, ಎಂದಿಗಿಂತ ಮೂರು ಗಂಟೆ ಮುಂಚೆ, ಸುಂದರಿ ಅಕ್ಕ ನಮ್ಮ ಮನೆಗೆ ಬಂದಾಗಿತ್ತು.